ಟೇಪ್ ಬಿಚ್ಚಿದರೆ ಸಾಕು

ನಮ್ಮ ಕಾಲೇಜಲ್ಲಿ ಹೊಸದೇನಾದರೂ ಬಂತು ಅಂದರೆ ನಾವು ಮೊದಲು ಅನುಮಾನಪಡ್ತೀವಿ, ಆಮೇಲೆ ಪುಸ್ತಕ ತೆಗೀತೀವಿ. ಈ ಸಲವಂತೂ ಪುಸ್ತಕ ತೆಗೆಯೋ ಹಂಗೇ ಇರಲಿಲ್ಲ.

ಉತ್ತರ ಯಾರ ಹತ್ತಿರ?

ನಮ್ಮ ಸಿವಿಲ್ ಸರ್ ಕ್ಲಾಸಿಗೆ ಬಂದವರೇ, "ಇನ್ಮೇಲೆ ನಾನು ಪಾಠ ಮಾಡಲ್ಲ. ಊರಲ್ಲಿ ಒಂದು ಸಮಸ್ಯೆ ಹುಡುಕಿ, ನೀವೇ ಬಿಡಿಸಿ. ಇದು ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್. ಮಾಡದಿದ್ರೆ ಇಂಟರ್ನಲ್ಸ್ ಸೊನ್ನೆ, ಪರೀಕ್ಷೆಗೂ ಕೂರಿಸಲ್ಲ" ಅಂದರು.

ಹಿಂದಿನ ಬೆಂಚಿನವನು, "ಮಗಾ, ಸರ್ ಬೇರೆ ಕಡೆ ಕೆಲಸ ಹುಡುಕ್ತಿದಾರೆ" ಅಂತ ಪಿಸುಗುಟ್ಟಿದ. ನಾನು ಎದ್ದು ನಿಂತು, "ಸರ್, ಉತ್ತರ ನಿಮಗೆ ಗೊತ್ತಾ?" ಅಂದೆ.

"ಇದಕ್ಕೆಲ್ಲ ಒಂದೇ ಉತ್ತರ ಅಂತ ಇರಲ್ಲಮ್ಮಾ."

ಗೊತ್ತಿಲ್ಲ ಅನ್ನೋದನ್ನ ಇಷ್ಟು ಚೆನ್ನಾಗಿ ನಮಗೆ ಪರೀಕ್ಷೆಯಲ್ಲಿ ಬರೆಯೋಕೆ ಬಂದಿದ್ದರೆ!

ಮನೆಯ ತನಿಖೆ

ಕೆ.ಆರ್. ಪುರದ ನಮ್ಮ ಮನೇಲಿ ಅಮ್ಮನಿಗೆ ವಿಷಯ ಹೇಳಿದೆ.

"ಫೀಸು ಕಟ್ಟೋದು ನಾವು, ಪಾಠ ಹೇಳ್ಕೊಳ್ಳೋದು ನೀನಾ? ಎಲ್ಲಿಗೆ ಹೊರಟೆ ಈಗ?"

"ಕಗ್ಗದಾಸಪುರಕ್ಕೆ. ಸಮಸ್ಯೆ ಹುಡುಕೋಕೆ."

ಅಮ್ಮ ಸ್ಟೋವ್ ಆರಿಸಿ, ಹತ್ತಿರ ಬಂದು, ಮೆಲ್ಲಗೆ ಕೇಳಿದಳು: "ನಿಜ ಹೇಳು. ಯಾರವನು?"

ಮಾಯವಾದ ಜಾಮ್

ಕಗ್ಗದಾಸಪುರದಲ್ಲಿ ಒಂದು ಅಡ್ಡರಸ್ತೆ. ಎರಡು ಆಟೊ ಎದುರುಬದುರು ಬಂದರೆ ಮುಗೀತು ಕಥೆ. ಈ ಜಾಮ್ ಯಾಕೆ ಆಗುತ್ತೆ ಅನ್ನೋದೇ ನಮ್ಮ ಪ್ರಾಜೆಕ್ಟ್. ನಾನೂ ನನ್ನ ಗೆಳತಿಯೂ ಸರ್ವೇ ಲ್ಯಾಬಿನ ಕಿತ್ತಳೆ ಜಾಕೆಟ್ ಹಾಕ್ಕೊಂಡು ರಸ್ತೆಗೆ ಅಡ್ಡಲಾಗಿ ಅಳತೆ ಟೇಪ್ ಬಿಚ್ಚಿದ್ವಿ.

ಬೇಕರಿ ಅಂಕಲ್ ಓಡಿ ಬಂದರು. "ಯಾವ ಆಫೀಸಮ್ಮಾ? ಕಾರ್ಪೊರೇಷನ್ನಾ?"

"ಆಫೀಸಲ್ಲ ಅಂಕಲ್, ಸ್ಟೂಡೆಂಟ್ಸು."

"ಎಲ್ಲರೂ ಮೊದಲು ಹಂಗೇ ಹೇಳೋದು" ಅಂದವರು ಬಲವಂತ ಮಾಡಿ ಟೀ, ಬನ್ ಕೊಟ್ಟರು.

ಮಾರನೇ ದಿನ ಫೋಟೊ ತೆಗೆಯೋಣ ಅಂತ ಹೋದರೆ ರಸ್ತೆಯ ಗುರುತೇ ಸಿಗಲಿಲ್ಲ! ನಿನ್ನೆ ರಸ್ತೆ ಮೇಲಿದ್ದ ಬೇಕರಿ ಬೋರ್ಡು, ಟೈಲರ್ ಅಂಗಡಿ ಮೆಟ್ಟಿಲು, ಹೂಕುಂಡಗಳು ಎಲ್ಲ ಒಳಗೆ. ಆಟೊಗಳು ಹಾರನ್ನೂ ಹೊಡೆಯದೆ ಹೋಗ್ತಿವೆ.

ಸರ್ ಫೋಟೊ ನೋಡಿದರು. "ರಸ್ತೆ ಇಷ್ಟು ಅಗಲ ಇದೆಯಲ್ಲಾ! ಸಮಸ್ಯೆ ಎಲ್ಲಿ? ಮನೇಲಿ ಕೂತು ಕಥೆ ಕಟ್ಟಿದ್ರಾ?"

ನನಗೆ ಅಳುವೇ ಬಂತು. ಸಮಸ್ಯೆ ಬಿಡಿಸಿದ್ದಕ್ಕೆ ಸೊನ್ನೆ ತಗೊಳ್ಳೋ ಎಂಜಿನಿಯರು ನಾವೇ ಇರಬೇಕು.

ಕಣ್ಣಾರೆ ಕಂಡ ಸಾಕ್ಷಿ

ನಡೆದದ್ದೆಲ್ಲ ಹೇಳಿದ್ವಿ. "ಟೇಪ್ ಬಿಚ್ಚಿದ್ದಕ್ಕೇ ರಸ್ತೆ ಖಾಲಿ ಆಯ್ತಾ? ನನ್ನ ಕಿವಿ ಮೇಲೆ ಹೂವಾ? ನನ್ನೆದುರಿಗೆ ಮಾಡಿ ತೋರಿಸಿ, ಮಾರ್ಕ್ಸ್ ಕೊಡ್ತೀನಿ" ಅಂದರು ಸರ್.

ಇನ್ನೆಲ್ಲಿಗೆ ಹೋಗೋದು? ಕಾಲೇಜ್ ಗೇಟಿನ ಹತ್ತಿರವೇ ಜಾಕೆಟ್ ಹಾಕ್ಕೊಂಡು ನಿಂತ್ವಿ. ಅಲ್ಲಿ ನಮ್ಮ ಕ್ಯಾಂಟೀನ್ ಶೆಡ್ಡು ಅರ್ಧ ಫುಟ್‌ಪಾತ್ ಮೇಲೇ ಇದೆ. ಗೆಳತಿ ಟೇಪಿನ ತುದಿ ಹಿಡಿದು ಆ ಕಡೆ ಹೋಗಿದ್ದೇ ತಡ, ಪ್ರಿನ್ಸಿಪಾಲರು ಊಟದ ಕೈಯಲ್ಲೇ ಓಡಿ ಬಂದರು.

"ಯಾರಮ್ಮಾ ನಿಮ್ಮನ್ನ ಕಳಿಸಿದ್ದು?"

ಇಬ್ಬರೂ ಪಕ್ಕದಲ್ಲೇ ನೋಡ್ತಾ ನಿಂತಿದ್ದ ಸರ್ ಕಡೆ ಕೈ ತೋರಿಸಿದ್ವಿ.

ಪ್ರಿನ್ಸಿಪಾಲರು ವಾಚ್‌ಮನ್‌ಗೆ, "ಆ ಶೆಡ್ಡಿನ ಶೀಟು ಇವತ್ತೇ ತೆಗೆಸಪ್ಪಾ" ಅಂದರು. ನಮಗೆ, "ಟೇಪ್ ಸುತ್ತಿಡ್ರಮ್ಮಾ" ಅಂದರು. ಆಮೇಲೆ ಸರ್ ಕಡೆ ತಿರುಗಿ, "ಇವರಿಗೆ ಪೂರ್ತಿ ಮಾರ್ಕ್ಸ್ ಹಾಕ್ರೀ. ನಾಳೆಯಿಂದ ನೀವು ಬೋರ್ಡ್ ಮೇಲೇ ಪಾಠ ಮಾಡಿ."

"ಅಲ್ಲ ಸರ್, ಊರಿನ ಸಮಸ್ಯೆಗಳನ್ನ ಮಕ್ಕಳೇ ಹುಡುಕಿದ್ರೆ…"

"ಹುಡುಕಿದ್ದು ಸಾಕು ಕಣ್ರೀ, ಕಾಲೇಜಿನ ತನಕ ಬಂದ್ಬಿಟ್ರು!"