ಕರಿಯನಿಗೆ ಸಿಕ್ಕ ರೂಮು

ನಾವು ಎಲ್ಲಿಗೆ ಹೊರಟರೂ ನಗೆಪಾಟಲು ನಮಗಿಂತ ಒಂದು ಬಸ್ಸು ಮುಂಚೆ ಹೋಗಿ ಜಾಗ ಹಿಡಿದು ಕೂತಿರುತ್ತದೆ. ಮಂಗಳೂರಿಗೆ ಹೋದಾಗಲೂ ಹಾಗೇ ಆಯಿತು.

ಊಟ ಮಾಡಿಸುವವರು

ಟೈಫಾಯಿಡ್ ಬಿಟ್ಟ ಮೇಲೆ ನನ್ನ ಪುಟ್ಟ ಮಗಳಿಗೆ ಅನ್ನವೇ ಸೇರುತ್ತಿರಲಿಲ್ಲ. ಸಮುದ್ರದ ಗಾಳಿಗೆ ಕರೆದುಕೊಂಡು ಹೋಗಿ ಎಂದರು ಕೊಳ್ಳೇಗಾಲದ ಡಾಕ್ಟರು. ಅವಳು ತಿನ್ನುತ್ತಿದ್ದ ಅಷ್ಟಿಷ್ಟೂ ನಮ್ಮ ನಾಯಿ ಕರಿಯ ಪಕ್ಕದಲ್ಲಿದ್ದರೆ ಮಾತ್ರ. ಅದಕ್ಕೊಂದು ತುತ್ತು, ಇವಳಿಗೊಂದು ತುತ್ತು. ನಾಯಿಯನ್ನು ಶಾಗ್ಯದಲ್ಲಿ ಅತ್ತೆಯ ಹತ್ತಿರ ಬಿಡೋಣ ಎಂದರು ನಮ್ಮ ಯಜಮಾನರು.

"ಮಗೀಗೆ ಉಣ್ಸೋದು ಅದು. ನೀವ್ಯಾಕೆ ಬತ್ತೀರಿ ಅಂತ ನಾನು ಕೇಳಿದ್ನಾ?" ಎಂದೆ.

ನಾಯಿ ಹೊರಟಿತು.

ಅರ್ಧ ಟಿಕೆಟ್ಟು

ಮೊದಲು ಹತ್ತಿದ ಮೈಸೂರು ಬಸ್ಸಿನ ಕಂಡಕ್ಟರು ಕರಿಯನನ್ನು ಟಾಪಿಗೆ ಹಾಕಿ ಎಂದರು. ಹಾಗಾದರೆ ನಾನೂ ಮೇಲೇ ಕೂರುತ್ತೇನೆ ಎಂದು ಮಗಳು ಏಣಿ ಹಿಡಿದಳು. ಕೊನೆಗೆ ಅರ್ಧ ಟಿಕೆಟ್ಟು ಹರಿದು ನಾಯಿಯನ್ನು ಸೀಟಿನ ಕೆಳಗೆ ತೂರಿಸಿದ್ದಾಯಿತು. ನಿಂತಿದ್ದ ದಪ್ಪನೆಯ ಆಸಾಮಿಯೊಬ್ಬರಿಗೆ ಸಿಟ್ಟು ಬಂತು. ನಾನು ಪೂರ್ತಿ ಕಾಸು ಕೊಟ್ಟು ನಿಂತಿದ್ದೇನೆ, ನಾಯಿ ಹಾಯಾಗಿ ಮಲಗಿದೆ ಎಂದು ಜಗಳಕ್ಕೇ ಬಂದರು.

ಕಂಡಕ್ಟರು ತಿರುಗಿ ನೋಡಿ, "ಅದು ನಿಮ್ಮಂಗೆ ಮೈಸೂರು ಯಾವಾಗ ಬತ್ತದೆ ಅಂತ ನನ್ ಜೀವ ತಿಂದಿಲ್ಲ ಕಣ್ರಿ" ಎಂದರು.

ದುಪ್ಪಟಿ

ಮಂಗಳೂರಿನಲ್ಲಿ ಮೊದಲು ಹೊಕ್ಕ ಲಾಡ್ಜಿನ ಗುಮಾಸ್ತ ನಾಯಿಗೆ ರೂಮಿಲ್ಲ, ದುಪ್ಪಟಿ ಹಾಳಾಗುತ್ತದೆ ಎಂದ. ಎಲ್ಲಿ, ನಿಮ್ಮ ದುಪ್ಪಟಿ ತೋರಿಸಿ ಎಂದೆ. ತೋರಿಸಿದ. ಇದರ ಮೇಲೆ ನಮ್ಮ ಕರಿಯ ಮಲಗುವುದಿಲ್ಲ, ಅದರ ಗೋಣಿಚೀಲ ಇದಕ್ಕಿಂತ ಬೆಳ್ಳಗಿದೆ ಎಂದುಬಿಟ್ಟೆ. ಮರುಗಳಿಗೆಯಲ್ಲಿ ಗಂಟುಮೂಟೆ ಸಮೇತ ಬೀದಿಯಲ್ಲಿದ್ದೆವು.

"ನಾಯಿ ಸುಮ್ಕಿತ್ತು ಕಣೇ," ಎಂದರು ಯಜಮಾನರು, "ನೀನೂ ಇರಬಾರದಾಗಿತ್ತಾ?"

ಮೀನಿನ ವಾಸನೆ

ಮಗು ಹೆಗಲ ಮೇಲೆ ಸೋತು ಮಲಗಿತ್ತು. ಅಲೆದೂ ಅಲೆದೂ ಕಡಲ ಹತ್ತಿರ ರೂಮು ಬಾಡಿಗೆಗೆ ಕೊಡುವ ಒಬ್ಬ ಅಮ್ಮನ ಮನೆ ಸಿಕ್ಕಿತು. ನಾಯಿ ಇರಲಿ, ಆದರೆ ಮೀನು ಮುಟ್ಟುವ ಪ್ರಾಣಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದರು ಆ ಅಮ್ಮ. ನಮ್ಮ ಕರಿಯ ಹುಟ್ಟಿದಾಗಿನಿಂದ ರಾಗಿಮುದ್ದೆ, ಮಜ್ಜಿಗೆ ಅನ್ನ ಬಿಟ್ಟು ಬೇರೆ ಕಂಡಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ.

ಮಾರನೆಯ ದಿನ ಕಡಲ ಗಾಳಿ ಹಿಡಿಸಿತು. ಮಗಳು ತಾನಾಗಿ ಇನ್ನೊಂದು ಸೌಟು ಅನ್ನ ಕೇಳಿದಳು. ನನಗೆ ಅಳುವೇ ಬಂತು. ಅದೇ ಹೊತ್ತಿಗೆ ಬಾಗಿಲಲ್ಲಿ ಆ ಅಮ್ಮ ನಿಂತಿದ್ದರು, ಸೆರಗಿನಿಂದ ಮೂಗು ಮುಚ್ಚಿಕೊಂಡು. ರೂಮಿನಲ್ಲಿ ಮೀನಿನ ವಾಸನೆ. ನಾಯಿಯನ್ನು ಈಗಲೇ ಹೊರಗೆ ಕಳಿಸಿ ಎಂದರು. ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿಬಿಟ್ಟಳು.

ಕರಿಯ ಎದ್ದು ಮೂಸುತ್ತಾ ಗೂಟಕ್ಕೆ ನೇತುಹಾಕಿದ್ದ ಯಜಮಾನರ ಅಂಗಿಯ ಹತ್ತಿರ ಹೋಗಿ ಬೊಗಳತೊಡಗಿತು. ಜೇಬಿಗೆ ಕೈ ಹಾಕಿದೆ. ಕಾಗದದ ಪೊಟ್ಟಣದಲ್ಲಿ ಅರ್ಧ ತಿಂದ ಹುರಿದ ಮೀನು. ಕೆಳಗಿಟ್ಟೆ. ಕರಿಯ ಮೂಸಿ ನೋಡಿ, ಸೀನಿ, ಹಿಂದಕ್ಕೆ ಸರಿದು ಮಗಳ ಪಕ್ಕ ಕೂತಿತು.

ಯಜಮಾನರು ತೊಲೆ ನೋಡುತ್ತಿದ್ದರು. ಆ ಅಮ್ಮ ನಾಯಿಯನ್ನು ನೋಡಿದರು, ಮಗುವನ್ನು ನೋಡಿದರು, ಕೊನೆಗೆ ಇವರನ್ನು ನೋಡಿದರು.

"ನಾಯಿ ಇರ್ಲಿ ಮಾರಾಯ್ತಿ, ಮಗು ಉಣ್ಲಿ. ಇವರು ಮಾತ್ರ ಬೇರೆ ಕಡೆ ಹೋಗ್ಲಿ."

ಇವರು ಹಾಸಿಗೆ ಸುತ್ತಿಕೊಂಡು ಆ ಮೊದಲ ಲಾಡ್ಜಿಗೇ ಹೋದರಂತೆ. ಗುಮಾಸ್ತ ಮೇಜಿನ ಮೇಲೆ ಬಗ್ಗಿ ಇವರ ಕಾಲ ಹಿಂದೆಲ್ಲ ಹುಡುಕಿ, ನಾಯಿ ಎಲ್ಲಿ ಎಂದು ಕೇಳಿದನಂತೆ.

"ನಾಯ್ಗೆ ರೂಮು ಸಿಕ್ತು ಸಾ," ಎಂದರಂತೆ ಇವರು, "ನಂಗೊಂದು ಕೊಡಿ."