ಟೆಂಡರ್ ರೊಟ್ಟಿ

ನಾಗಣ್ಣನ ಹಣೆಬರಹ ಕೆಡಲು ಒಂದೇ ಒಂದು ಶಬ್ದ ಸಾಕಾಯಿತು. ಕಪನೂರಿನ ಬೇಳೆ ಮಿಲ್ಲಿನಲ್ಲಿ ಮಾಲೀಕನ ಬೈಗುಳ ತಿಂದು ಸಾಕಾಗಿ, ಇನ್ನು ಸತ್ತರೂ ಯಾರ ಕೈಕೆಳಗೂ ದುಡಿಯುವುದಿಲ್ಲವೆಂದು ಅವನು ಕಮಲಾಪುರದ ಬಸ್‌ಸ್ಟ್ಯಾಂಡ್ ಎದುರು ಜೋಳದ ರೊಟ್ಟಿ ಅಂಗಡಿ ಹಾಕಿದ. ರೊಟ್ಟಿ ಬಡಿಯಲು ಹೆಂಡತಿ ಶಂಕ್ರಮ್ಮ ಇದ್ದಳು. ಬೋರ್ಡಿಗೆ ಮಾತ್ರ ಇಂಗ್ಲಿಷ್ ಶಬ್ದ ಬೇಕೆನಿಸಿ, ಕಲಬುರಗಿಯ ಖೂಬಾ ಪ್ಲಾಟಿಗೆ ಹೋಗಿ ಟ್ಯೂಷನ್ ಮಾಸ್ತರ ಸುಮಧ್ವನ ಕಾಲಿಗೆ ಬಿದ್ದ.

"ಮೆತ್ತನ ರೊಟ್ಟಿಗೆ ಸಾಫ್ಟ್ ಅಂತ ಬರಸ್ಲೇನ್ರೀ?"

ಮಾಸ್ತರ ಹೌಹಾರಿದ. "ಸಾಫ್ಟ್ ಅಂದ್ರ ಗಾದಿ! ತಿನ್ನೋದಕ್ಕ ಟೆಂಡರ್ ಅನಬೇಕು. ಹಂಗೇ ಖಡಕ್ ರೊಟ್ಟಿ ಹಾರ್ಡ್ ಅಲ್ಲ, ಹಾರ್ಡ್ ಅಂದ್ರ ಶಹಾಬಾದ್ ಕಲ್ಲು. ಮುರದ್ರ ಸಪ್ಪಳಾದ್ರ ಕ್ರಿಸ್ಪಿ, ಜಗದ್ರ ಸಪ್ಪಳಾದ್ರ ಕ್ರಂಚಿ."

"ಸುಮ್ನ ಕುಂತ್ರೂ ಸಪ್ಪಳಾದ್ರ?"

"ಅದು ನಿನ್ನ ಹಲ್ಲು. ಡಾಕ್ಟರ್ ಕಡೆ ಹೋಗು."

ಮರುದಿನ ಬೆಳಿಗ್ಗೆ ದಪ್ಪ ಕನ್ನಡ ಅಕ್ಷರದ ಬೋರ್ಡ್ ಏರಿತು: 'ಟೆಂಡರ್ ರೊಟ್ಟಿ. ಇಂದಿನಿಂದ ಆರಂಭ.'

ಮೊದಲು ಬಂದದ್ದು ಬಿಳಿ ಬಟ್ಟೆಯ ಗುತ್ತಿಗೆದಾರನೊಬ್ಬ. "ರೊಟ್ಟಿ ಟೆಂಡರ್ ಯಾವ ಇಲಾಖೀದು?"

"ಇಲಾಖಿ ಇಲ್ರೀ, ಮೆತ್ತನ ರೊಟ್ಟಿ ಅದಾವ."

"ನನ್ನ ಮುಂದ ಮುಚ್ಚಬ್ಯಾಡ. ಹಾಸ್ಟೆಲ್‌ದೋ, ಅಂಗನವಾಡೀದೋ?" ಎಂದವನೇ ಸ್ಯಾಂಪಲ್ಲೆಂದು ನಾಲ್ಕು ರೊಟ್ಟಿ ಪಲ್ಯದ ಸಮೇತ ಮುಗಿಸಿ, ದುಡ್ಡು ಕೊಡದೆ ಹೊರಟ.

ಮಧ್ಯಾಹ್ನದೊಳಗೆ ಸುತ್ತಲಿನ ಗುತ್ತಿಗೆದಾರರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು. ಎಲ್ಲರೂ ಸ್ಯಾಂಪಲ್ ತಿಂದರು. ಪಕ್ಕದ ಹಣ್ಣಿನ ಬಂಡಿಯ ಲತೀಫಾ ಕಿವಿಯಲ್ಲಿ ಪಿಸುಗುಟ್ಟಿದಳು. "ನಾಗಣ್ಣ ಭಾಯಿ, ಟೆಂಡರಿನಾಗ ನನ್ನ ಕೆಂಪು ಬಾಳಿಹಣ್ಣೂ ಸೇರಿಸಿಬಿಡ್ರಿ."

ನಾಗಣ್ಣ ಮಾಸ್ತರನಿಗೆ ಫೋನ್ ಹಚ್ಚಿದ. "ಬ್ಯಾರೆ ಶಬ್ದ ಕೊಡ್ರೀ, ನಿಮ್ಮ ಟೆಂಡರ್ ನನ್ನ ಮನಿ ಮುರಿಯಾಕತ್ತದ!"

"ಹಂಗಾದ್ರ ಡೆಲಿಕೇಟ್ ಅಂತ ಬರಸು."

"ಈ ಮಂದಿ ಡುಪ್ಲಿಕೇಟ್ ಅಂತ ಓದ್ತಾರ್ರೀ!"

ಸಿಟ್ಟಿನಿಂದ 'ಟೆಂಡರ್' ಮೇಲೆ ಸುಣ್ಣ ಬಳಿದ. ಅದೇ ದೊಡ್ಡ ತಪ್ಪಾಯಿತು. "ಟೆಂಡರ್ ಕ್ಯಾನ್ಸಲ್ ಮಾಡ್ಯಾರ! ಒಳಗಿಂದೊಳಗ ಯಾರಿಗೋ ಕೊಟ್ಟಾರ!" ಎಂದು ಜನ ಅಂಗಡಿ ಮುಂದೆ ಧರಣಿ ಕುಳಿತರು. ಕುಳಿತವರಿಗೆ ಹಸಿವೂ ಆಯಿತು, ಉಳಿದ ರೊಟ್ಟಿಯೂ ಹೋಯಿತು. ಇವರ ಹೊಟ್ಟೆಗೆ ತಳವೇ ಇರಲಿಲ್ಲವೋ ಏನೋ.

ಸಂಜೆ ಜೀಪೊಂದು ಬಂತು. ಕೊರಳಿಗೆ ಹಾರ ಹಾಕಿಕೊಂಡು ದೊಡ್ಡ ಗುತ್ತಿಗೆದಾರ ಅಮರನಾಥ ಇಳಿದು, ನಾಗಣ್ಣನ ಬಾಯಿಗೆ ಪೇಡೆ ತುರುಕಿದ.

"ಟೆಂಡರ್ ನನಗಾತು!"

"ಇಲ್ಲದ ಟೆಂಡರ್ ಹೆಂಗ ಆತ್ರೀ?"

"ಮುಂಜಾನಿ ಇರ್ಲಿಲ್ಲ, ಈಗ ಅದ. ಸಾಹೇಬ್ರಿಗೆ ಮುಟ್ಟೋದು ಮುಟ್ಟ್ಯದ. ತಾಲೂಕಿನ ಹಾಸ್ಟೆಲ್‌ಗೆಲ್ಲಾ ನಂದೇ ರೊಟ್ಟಿ. ಬಡಿಯೋರು ಬೇಕಲ್ಲ? ನಾಳಿಂದ ಗಂಡ ಹೆಂಡತಿ ನನ್ನ ಕೈಕೆಳಗ."

"ನಾ ಒಲ್ಲೆ ಅಂದ್ರ?"

"ಲೈಸೆನ್ಸ್ ಇಲ್ಲದ ಅಂಗಡಿ ಅಂತ ನಾಳೆನೇ ಬೀಗ ಬೀಳ್ತದ."

ನಾಗಣ್ಣ ತನ್ನದೇ ಅಂಗಡಿಯ ಕಟ್ಟೆಯಿಂದ ಕೆಳಗಿಳಿದು ಕೈಮುಗಿದ.

"ಮುಂಜಾನಿ ಎಷ್ಟಕ್ಕ ಕೆಲಸಕ್ಕ ಬರ್ಲಿ, ಮಾಲಕ್ರ?"