ಕರಡಪ್ಪ ಬ್ರೆಡ್ಡು ಓದಿದ್ದು

ಕರಡಪ್ಪನ ಬದುಕಿನಲ್ಲಿ ಸುಖ ಅಂತ ಉಳಿದಿದ್ದು ಒಂದೇ: ಬೆಳಿಗ್ಗೆ ಚಹಾದ ಜೊತೆ ಗರಿಗರಿಯಾಗಿ ಕಾಯಿಸಿದ ಬ್ರೆಡ್ಡು. ಅದರ ಮೇಲೂ ಡಾಕ್ಟರರ ಕಣ್ಣು ಬಿತ್ತು. ರಕ್ತದಲ್ಲಿ ಸಕ್ಕರೆ ಏರಿದೆ ಎಂದು ತಿಳಿದ ದಿನವೇ ಹೆಂಡತಿ ಬಿಳಿ ಬ್ರೆಡ್ಡನ್ನು ಮನೆಯಿಂದ ಗಡಿಪಾರು ಮಾಡಿದಳು.

"ಕಂದು ಬಣ್ಣ ನೋಡಿ ಮರುಳಾಗ್ಬೇಡಿ. ಮೊನ್ನೆ ತಂದ್ರಲ್ಲ, ಅದು ಬಣ್ಣ ಹಾಕಿದ ಮೈದಾ! ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಮೊದಲ್ನೇ ಹೆಸರೇ ಇಡೀ ಗೋಧಿ ಅಂತಿರ್ಬೇಕು. ಇವತ್ತೂ ತಪ್ಪು ತಂದ್ರೆ ನಾಳೆಯಿಂದ ಬೇಯಿಸಿದ ಎಲೆಕೋಸು, ಅಷ್ಟೇ," ಎಂದು ವಾರದೊಳಗೇ ಎಚ್ಚರಿಸಿದಳು.

"ಮತ್ತೆ ಓದೋದಾ?" ಎಂದು ಕರಡಪ್ಪ ನಿಟ್ಟುಸಿರು ಬಿಟ್ಟ. ಅಚ್ಚುಕೂಟದಲ್ಲಿ ಕರಡು ತಿದ್ದುವುದೇ ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಅಚ್ಚಿನ ಅಕ್ಷರ ಮಾತ್ರ ಅವನ ಪಾಲು. ಸೀಲು, ಸಹಿಗಳೆಲ್ಲ ಮುಂದಿನ ಕೋಣೆಯವರದು. ದಿನವಿಡೀ ಇರುವೆಸಾಲಿನಂಥ ಅಕ್ಷರ ಓದಿದವನಿಗೆ ಸಂಜೆಯೂ ಓದು ಅಂದರೆ, ಗಾಣದಿಂದ ಬಿಚ್ಚಿದ ಎತ್ತನ್ನು ಗಾಡಿಗೆ ಕಟ್ಟಿದ ಹಾಗೆ.

ಸಂಜೆ ಬೀದಿ ಕೊನೆಯ ಅಂಗಡಿಯಲ್ಲಿ ನಿಂತು ಒಂದೊಂದೇ ಪ್ಯಾಕೆಟ್ ತಿರುಗಿಸಿದ. ಒಂದರ ಮುಂದೆ 'ಒಂಬತ್ತು ಧಾನ್ಯ' ಎಂದು ದಪ್ಪ ಅಕ್ಷರ. ಹಿಂದೆ ನೋಡಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ. ಒಂಬತ್ತೂ ಧಾನ್ಯಗಳು ಉಪ್ಪಿಗಿಂತ ಹಿಂದೆ ಬಾಲದಲ್ಲಿ ನೇತಾಡುತ್ತಿದ್ದವು.

"ತಗೊಳ್ತೀರೋ, ಓದ್ತೀರೋ? ಇದು ಲೈಬ್ರರಿ ಅಲ್ಲ ಸಾರ್," ಅಂಗಡಿಯವ ಗೊಣಗಿದ.

"ಓದ್ಲಿ ಬಿಡ್ರೀ," ಎಂದು ಅಡ್ಡ ಬಂದರು ನಿವೃತ್ತ ಡ್ರಿಲ್ ಮೇಷ್ಟ್ರು. "ಕರಡಪ್ಪಾ, ಗಟ್ಟಿಯಾಗಿ ಓದು!"

ಮಹಡಿ ಮನೆಯ ಆಂಟಿ ತಮ್ಮ ಬಿಸ್ಕೆಟ್ಟನ್ನೂ ಅವನ ಮೂಗಿಗೆ ಹಿಡಿದರು. "ಇದು ಜೀರ್ಣಕ್ಕೆ ಒಳ್ಳೇದಂತಪ್ಪ, ನೋಡು."

"ಮೈದಾ, ಸಕ್ಕರೆ, ಎಣ್ಣೆ. ಹೊಟ್ಟು ಕೊನೇಲಿದೆ ಆಂಟಿ."

"ಅಯ್ಯೋ, ಇಷ್ಟು ವರ್ಷ ಔಷಧಿ ಅಂತ ಸಕ್ಕರೆ ತಿಂದ್ನಲ್ಲಪ್ಪ!" ಬಿಸ್ಕೆಟ್ಟು ಕಪಾಟಿಗೆ ಮರಳಿತು. ಉಳಿದವರೂ ತಮ್ಮ ಚೀಲಗಳನ್ನು ಬಿಚ್ಚಿದರು. ಕರಡಪ್ಪನ ಕಾಲು ಸೋತಿತು, ಕಣ್ಣು ಉರಿಯಿತು, ಬಿಡುವವರು ಯಾರು?

ವ್ಯಾಪಾರವೆಲ್ಲ ಹಿಮ್ಮುಖವಾಗುವುದನ್ನು ಕಂಡು ಅಂಗಡಿಯವ ಬೆವರಿದ. ಒಳಗೆ ಓಡಿ ಒಂದು ಸ್ಟೂಲು, ಒಂದು ಲೋಟ ಚಹಾ, ಬ್ರೆಡ್ಡು ತುಂಬಿದ ಒಂದು ದೊಡ್ಡ ಪೆಟ್ಟಿಗೆ ತಂದ. ದನಿ ಬೆಣ್ಣೆಯಾಗಿತ್ತು. "ಕೂತ್ಕೊಳ್ಳಿ ಸಾರ್. ಇದನ್ನ ಓದಿ. ಒಳ್ಳೇ ಮಾಲು, ಯಾರೂ ಕೇಳೋರೇ ಇಲ್ಲ."

ಕರಡಪ್ಪ ಪ್ಯಾಕೆಟ್ಟಿನ ಕುತ್ತಿಗೆ ಬಿಗಿಯಾಗಿ ಹಿಡಿದು ಓದಿದ. ಮೊದಲ ಹೆಸರು ಇಡೀ ಗೋಧಿ! ನಾರು ಧಾರಾಳ, ಸಕ್ಕರೆ ಹೆಸರಿಗಷ್ಟೇ. "ಕಣ್ಮುಚ್ಚಿ ತಗೊಳ್ಳಿ!" ಎಂದ.

ಜನ ಮುಗಿಬಿದ್ದರು. ಪೆಟ್ಟಿಗೆ ಖಾಲಿಯಾಯಿತು. ಕೈಯಲ್ಲಿದ್ದುದನ್ನು ಎದೆಗವಚಿಕೊಂಡು ಕರಡಪ್ಪ ಮನೆಗೆ ಬಂದ. ನಾಳೆಯ ಬ್ರೆಡ್ಡು ಖಾತ್ರಿಯಾಯಿತು ಎಂದು ಆ ದಣಿವಿನಲ್ಲೂ ಅವನಿಗೆ ಹಿಗ್ಗು.

ಹೆಂಡತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಪರವಾಗಿಲ್ವೇ, ಸರಿಯಾಗೇ ತಂದಿದೀರಿ!" ಎಂದು ಪ್ಯಾಕೆಟ್ಟಿನ ಕುತ್ತಿಗೆಯ ಗಂಟು ಬಿಚ್ಚಹೋದವಳು ಅಲ್ಲೇ ನಿಂತಳು. "ರೀ, ಇಲ್ಲೇನು ಸೀಲು ಹಾಕಿದೆ? ಇದರ ಅವಧಿ ಹೋದ ವಾರಕ್ಕೇ ಮುಗಿದಿದೆ!"

"ಅದು... ಅಚ್ಚಲ್ಲ ಕಣೇ," ಎಂದ ಕರಡಪ್ಪ ಸೋತ ದನಿಯಲ್ಲಿ. "ಸೀಲು ನಾನು ನೋಡಲ್ಲ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೇಷ್ಟ್ರು ಮುಂದೆ, ಆಂಟಿ ಹಿಂದೆ, ಅವರ ಹಿಂದೆ ಅರ್ಧ ಬೀದಿ. ಎಲ್ಲರ ಕೈಯಲ್ಲೂ ಅದೇ ಬ್ರೆಡ್ಡು. "ಅಂಗಡಿಯವ ಬಾಗಿಲು ಹಾಕ್ಕೊಂಡು ಹೋದ. ಓದಿದವನೇ ತಿನ್ನು!" ಎಂದು ಮೇಜಿನ ಮೇಲೆ ರಾಶಿ ಹಾಕಿ ನಡೆದರು.

ಬ್ರೆಡ್ಡಿನ ಗುಡ್ಡದ ಆಚೆ ಕೂತು ಹೆಂಡತಿ ಎಲೆಕೋಸು ಹೆಚ್ಚಲು ತೆಗೆದಳು. ಕರಡಪ್ಪ ಅದನ್ನು ಅವಳ ಕೈಯಿಂದ ತಗೊಂಡು, ಮೆಲ್ಲಗೆ ಸುತ್ತಲೂ ತಿರುಗಿಸಿದ.

"ಏನು ಹುಡುಕ್ತಿದೀರಿ?"

"ಸೀಲು."

"ಇದಕ್ಕೆ ಓದು ಬೇಡ ರೀ," ಎಂದಳು ಹೆಂಡತಿ, "ಹಲ್ಲಿದ್ರೆ ಸಾಕು."